ಅತ್ತಿಯ ಆಟ, ನನ್ನ ಅಂಕ

ನಮ್ಮ ಸೋದರತ್ತೆ ಜೀವಮಾನದಲ್ಲಿ ಒಂದು ದಿನವೂ ಕೆಲಸ ಮಾಡಿದವಳಲ್ಲ. ಹಾಗಂತ ಸೋಮಾರಿ ಅಂದುಕೊಂಡೀರಿ, ಜೋಕೆ! ಬೆಳಗಿನಿಂದ ಸಂಜೆಯವರೆಗೆ ಅವಳ ಕೈ ನಿಂತದ್ದನ್ನು ನಾನು ಕಂಡಿಲ್ಲ. ಆದರೆ ಮಾಡಿದ್ದೆಲ್ಲ ಆಟ. ಕಸವನ್ನೂ ಪಂದ್ಯ ಕಟ್ಟಿಯೇ ಗುಡಿಸುತ್ತಿದ್ದಳು. ಎದುರಾಳಿ ಯಾರು? ಮನೆಯಲ್ಲಿ ಯಾರೂ ಇಲ್ಲದಿದ್ದರೆ ಕಸವೇ!

ನನಗೆ ಮಗ್ಗಿ ಕಲಿಸಿದವಳೂ ಅವಳೇ. ಅಂಗಳದಲ್ಲಿ ಸುಣ್ಣದಿಂದ ಮನೆ ಬರೆದು, ನನ್ನನ್ನು ಒಂಟಿಗಾಲಲ್ಲಿ ಕುಂಟಿಸುತ್ತ ಒಂದೊಂದು ಮನೆಗೆ ಒಂದೊಂದು ಉತ್ತರ ಹೇಳಿಸುತ್ತಿದ್ದಳು. ತಪ್ಪಿದರೆ ಮತ್ತೆ ಮೊದಲಿನಿಂದ. ಒಂದು ಬೇಸಿಗೆಯಲ್ಲಿ ಇಪ್ಪತ್ತರ ತನಕ ಬಾಯಿಪಾಠವಾಯಿತು. ತೊಂದರೆ ಆದದ್ದು ಸಾಲೆಯಲ್ಲಿ. ಮಾಸ್ತರು ಮಗ್ಗಿ ಕೇಳಿದ ಕೂಡಲೇ ನನ್ನ ಎಡಗಾಲು ತಾನಾಗಿ ಮೇಲೇಳುತ್ತಿತ್ತು. "ಎರಡೂ ಕಾಲ ಮ್ಯಾಲೆ ನಿಂತು ಹೇಳಲೇ!" ಎಂದು ಗದರಿದರು. ನಿಂತೆ. ಉತ್ತರ ಮರೆತುಹೋಯಿತು!

ಮುಂದೆ ನಾನು ತಿಕೋಟಾದಲ್ಲಿ ಒಣದ್ರಾಕ್ಷಿ ಆರಿಸುವ ಶೆಡ್ ಹಾಕಿದಾಗ, ಹೊಸದಾಗಿ ಬಂದ ಹೆಣ್ಣುಮಕ್ಕಳಿಗೆ ಕೆಲಸ ಕಲಿಸಲು ಅತ್ತಿಯನ್ನೇ ಕರೆದೆ. ಕಡ್ಡಿ ತೆಗೆಯಬೇಕು, ಬಣ್ಣ ನೋಡಿ ಬೇರೆ ಮಾಡಬೇಕು; ಅರ್ಧ ತಾಸಿಗೆ ಆಕಳಿಕೆ ಬರುವ ಕೆಲಸ. ಅತ್ತಿ ಎರಡು ಗುಂಪು ಮಾಡಿದಳು. ಯಾರ ಬುಟ್ಟಿಯಲ್ಲಿ ಕಡ್ಡಿ ಸಿಕ್ಕಿತೋ ಅವರು ಪ್ರಾಸ ಕೂಡಿಸಿ ಒಡಪು ಕಟ್ಟಿ ಗಂಡನ ಹೆಸರು ಹೇಳಬೇಕು. ಹೆಸರು ಹೇಳುವ ಆಸೆಗೆ ಕೆಲವರು ಬೇಕಂತಲೇ ಕಡ್ಡಿ ಬಿಡತೊಡಗಿದರು!

ಒಂದು ದಿನ ವಿಜಯಪುರದ ವ್ಯಾಪಾರಿಯೊಬ್ಬರು ಮಾಲು ನೋಡಲು ಬಂದು, ಮಾತಾಡುತ್ತ ಹಸಿರು ಕಾಳನ್ನು ಹಳದಿ ಬುಟ್ಟಿಗೆ ಹಾಕಿಬಿಟ್ಟರು. ಅತ್ತಿ ಬಿಡುತ್ತಾಳೆಯೇ?

"ಸಾವಕಾರ್ರ, ಸೋತ್ರಿ! ಮನಿಯವರ ಹೆಸರು ಹೇಳ್ರಿ!"

ಅವರು ಮೀಸೆ ತಿರುವಿ, ಕೆಮ್ಮಿ, ಕೊನೆಗೆ ಹೇಳಿಯೇಬಿಟ್ಟರು: "ಬುಟ್ಟಿ ತುಂಬ ದ್ರಾಕ್ಷಿ, ಮ್ಯಾಲೆ ಸೂರ್ಯ ಸಾಕ್ಷಿ, ನಮ್ಮನಿಯಾಕಿ ಮೀನಾಕ್ಷಿ!"

ಶೆಡ್ಡಿನ ತಗಡು ಹಾರುವಂತೆ ಚಪ್ಪಾಳೆ. ಅವರ ಹೆಂಡತಿಯ ಹೆಸರು ಶಾರದಾ ಎಂದು ನನಗೆ ಆಮೇಲೆ ತಿಳಿಯಿತು!

ಇಷ್ಟಕ್ಕೇ ಸುಮ್ಮನಿದ್ದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಸೊಲ್ಲಾಪುರ ರಸ್ತೆಯ ಹೋಟೆಲ್ಲೊಂದರಲ್ಲಿ ಎರಡು ದಿನದ ತರಬೇತಿಗೆ ಹೋದೆ. 'ಕೆಲಸವನ್ನು ಆಟವಾಗಿಸಿ' ಎಂಬುದು ವಿಷಯ. ಟೈ ಕಟ್ಟಿದವರೊಬ್ಬರು ನಮ್ಮಂಥ ಹೊಟ್ಟೆ ಬಂದ ಮಾಲೀಕರಿಂದ ಬಲೂನು ಒಡೆಸಿದರು, ಕಾಗದದ ಗೋಪುರ ಕಟ್ಟಿಸಿದರು. ನನಗೊಂದು ಬಂಗಾರ ಬಣ್ಣದ ಸ್ಟಾರ್ ಬಂತು. ಮನೆಗೆ ಬಂದು ಎದೆಯುಬ್ಬಿಸಿ ತೋರಿಸಿದರೆ ಹೆಂಡತಿ, "ಫ್ರಿಜ್ಜಿಗೆ ಅಂಟಸ್ರಿ, ಹುಡುಗೂರ ಸ್ಟಿಕರ್ ಜೋಡಿ" ಎಂದಳು.

ಶೆಡ್ಡಿನ ಗೋಡೆಗೆ ಟಿವಿ ಬಂತು. ಬುಟ್ಟಿಗಿಷ್ಟು ಅಂಕ. ಮೇಲಿಂದ ಕೆಳಗೆ ಹತ್ತೊಂಬತ್ತು ಹೆಸರು. ಅತ್ತಿ ಖುಷಿಯಿಂದಲೇ ನೋಡಿದಳು.

"ಆಟ ತಂದೇನು? ಭೇಷ್ ಯಪ್ಪಾ! ಸೋತಾಕಿ ಏನ ಮಾಡಬೇಕು?"

"ಏನಿಲ್ಲ ಅತ್ತಿ. ಹೆಸರು ತೆಳಗ ಹೋಗತೈತಿ, ಅಷ್ಟ."

"ಸೋತಾಕಿಗೆ ಕೆಲಸಾನ ಇಲ್ಲಂದ್ರ ಅದೆಂಥಾ ಆಟೋ!"

ನಾನು ನಕ್ಕೆ. ವಾರದೊಳಗೆ ಬುಟ್ಟಿಗಳು ಹೆಚ್ಚಾದವು, ಮಾತು ನಿಂತಿತು. ಪಕ್ಕದವಳು ಕೇಳಿದರೂ ಯಾರೂ ಕತ್ತೆತ್ತುತ್ತಿರಲಿಲ್ಲ. ಅದೇ ಹೊತ್ತಿಗೆ ಬಬಲೇಶ್ವರದ ಕಡೆಯಿಂದ ಒಬ್ಬ ಹೊಸ ಸೊಸೆ ಕೆಲಸಕ್ಕೆ ಬಂದಳು. ಅವಳಿಗೆ ಕಲಿಸಲು ಯಾರಿಗೆ ಪುರುಸೊತ್ತು? ಅತ್ತಿ ತನ್ನ ಬುಟ್ಟಿ ಬಿಟ್ಟು ಅವಳ ಪಕ್ಕ ಕೂತಳು. ಹೊಸಬಳ ಹೆಸರು ಇನ್ನೂ ಟಿವಿಗೆ ಏರಿರಲಿಲ್ಲ; ಶನಿವಾರ ಎಲ್ಲರಿಗಿಂತ ಕೆಳಗೆ, ಹತ್ತೊಂಬತ್ತನೆಯದು, ಅತ್ತಿಯ ಹೆಸರು. ಯಾರೋ ಕಿಸಕ್ಕೆಂದರು. ಅತ್ತಿಯೂ ನಕ್ಕಳು.

ಆಗ ನಾನು ಎಲ್ಲರೆದುರು ಮಾಲೀಕನ ಗತ್ತಿನಲ್ಲಿ ಅತ್ತಿಗೆ ಹೇಳಿದೆ: "ಸ್ವಲ್ಪ ಕೈ ಜೋರ ಮಾಡ್ರಿ. ನಿಮ್ಮನ್ನ ನೋಡಿ ಉಳಿದವರೂ ಮೆತ್ತಗಾಗ್ತಾರ."

ಸೋಮವಾರ ಅವಳು ಬರಲಿಲ್ಲ. ಮೊಣಕಾಲು ನೋವೆಂದು ಹೇಳಿ ಕಳಿಸಿ, ಕಾಖಂಡಕಿಯ ಮಗಳ ಮನೆಗೆ ಹೋದಳು. ನೆವ ಇರಬೇಕು, ಸಿಟ್ಟು ಇಳಿದರೆ ಬರುತ್ತಾಳೆ ಎಂದುಕೊಂಡೆ. ಎರಡು ತಿಂಗಳು ಹಾಗೇ ಅಂದುಕೊಂಡೆ. ಅಷ್ಟರಲ್ಲಿ ನಾಲ್ವರು ಕೆಲಸ ಬಿಟ್ಟರು. ಟಿವಿ ಬಿಚ್ಚಿಸಿ, "ಮೊದಲಿನ್ಹಂಗ ಆಡ್ರಿ" ಎಂದೆ. ಎಲ್ಲರೂ ನನ್ನ ಮುಖ ನೋಡಿದರು. ಅಪ್ಪಣೆ ಕೊಟ್ಟರೆ ಯಾರಾದರೂ ಆಡುತ್ತಾರೆಯೇ?

ಕಾಖಂಡಕಿಗೆ ಹೋದೆ. ಅತ್ತಿ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದಳು. ಮೊದಲು ಕೇಳಿದ್ದು, "ಆ ಸೊಸಿ ಕಲತಳೇನೋ?"

"ಈಗ ಆಕೀನ ಎಲ್ಲಾರಿಗಿಂತ ಮುಂದ."

ಅವಳ ಮುಖ ಅರಳಿತು. ನಾನು ತಲೆ ತಗ್ಗಿಸಿ, "ತಪ್ಪಾತು ಅತ್ತಿ. ಎಲ್ಲಾರ ಮುಂದ ಹತ್ತೊಂಬತ್ತನೇ ನಂಬರ್ ಮಾಡಿದೆ" ಎಂದೆ.

"ಥೂ, ನಂಬರ್ ಯಾರಿಗ ಬೇಕಾಗಿತ್ತೋ? ಸೋಲೂದು ನನಗ ಹೊಸಾದೇನ? ಹುಟ್ಟಿದಾಗಿಂದ 'ಅತ್ತಿ ಬಾ, ಅತ್ತಿ ಹೋಗು' ಅಂತಿದ್ದಿ. ಅವತ್ತ 'ಮಾಡ್ರಿ' ಅಂದಿ. ನಾ ನಿನಗ ಪರಕೀ ಆದೆ ಅನಸ್ತು ತಮ್ಮಾ."

ನಾಳೆಯಿಂದ ಬಾ ಎಂದು ಕರೆಯಲು ಹೊರಟವನು ಅವಳ ಮೊಣಕಾಲು ನೋಡಿದೆ. ಎರಡೂ ಕುಂಬಳಕಾಯಿಯಂತೆ ಬಾತಿದ್ದವು. ನೆವವಾಗಿರಲಿಲ್ಲ. ಅವಳು ಇನ್ನು ಶೆಡ್ಡಿಗೆ ಬರುವಂತಿರಲಿಲ್ಲ.

ಮಗಳು ಕೊಬ್ಬರಿ ಎಣ್ಣೆ ಬಿಸಿ ಮಾಡಿ ತಂದಳು. ನಾನು ಬಟ್ಟಲು ಇಸಕೊಂಡು ಕೆಳಗೆ ಕೂತು ಕಾಲು ತಿಕ್ಕತೊಡಗಿದೆ.

"ಬ್ಯಾಡೋ, ಅಂಗಿ ಹೊಲಸಾಗತೈತಿ" ಎಂದಳು. ಕಾಲು ಮಾತ್ರ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.