ಬೀಗಿತ್ತಿಯ ಜಾಡಿ ಮತ್ತು ನನ್ನ ಒಣಗಿಸುವ ಮಿಷನ್

ಸ್ವಿಚ್ಚು, ತಿರುಗಿಸುವ ಗುಂಡಿ, ಕೆಂಪು ದೀಪ ಇವುಗಳಲ್ಲಿ ಒಂದಾದರೂ ಇರುವ ಸಾಮಾನು ಕಣ್ಣಿಗೆ ಬಿದ್ದರೆ ನನ್ನ ಕೈ ಸುಮ್ಮನಿರುವುದಿಲ್ಲ. ಕೆಲವರಿಗೆ ಇಸ್ಪೀಟು, ಕೆಲವರಿಗೆ ನಶ್ಯ. ನನಗೆ ಅಡುಗೆಮನೆಯ ಮಿಷನ್ನುಗಳು. ಅಡುಗೆ ಬರುತ್ತದೆಯೇ ಎಂದು ಮಾತ್ರ ಕೇಳಬೇಡಿ. ಈಜು ಬಾರದವರೇ ಅಲ್ಲವೇ ದಡದಲ್ಲಿ ನಿಂತು ಹೆಚ್ಚು ಸಲಹೆ ಕೊಡುವುದು? ನನ್ನ ಹೆಂಡತಿ ವಿಶಾಲು ಈ ಗೀಳನ್ನು ಇಷ್ಟು ವರ್ಷ ಹೇಗೋ ಹದ್ದುಬಸ್ತಿನಲ್ಲಿಟ್ಟಿದ್ದಳು. ಅಂಥವಳೇ ಈ ಬೇಸಿಗೆಯಲ್ಲಿ ಬಂದು, "ಏನ್ರೀ, ಸಂಡಿಗೆ ಒಣಗಿಸೋಕೆ ಏನಾದ್ರೂ ಮಿಷನ್ ಸಿಗುತ್ತಾ ನೋಡಿ" ಎಂದಾಗ ನನಗೆ ಲಾಟರಿ ಹೊಡೆದಷ್ಟು ಸಂತೋಷವಾಯಿತು.

ಇದಕ್ಕೆಲ್ಲ ಕಾರಣ ಬೀಗಿತ್ತಿಯ ಜಾಡಿ. ಬ್ಯಾಂಕಿನವರು ನನ್ನನ್ನು ದಾವಣಗೆರೆಯಿಂದ ಎತ್ತಿ ವಿಶಾಖಪಟ್ಟಣಕ್ಕೆ ಹಾಕಿದ್ದರಿಂದ ಆದ ದೊಡ್ಡ ಲಾಭವೆಂದರೆ ವಿಜಯವಾಡದ ಅಳಿಯ. ಮಗಳು ಸುಮಾ ಈಗ ಅಲ್ಲಿಯ ಭವಾನಿಪುರಂನಲ್ಲಿ ಅತ್ತೆಯ ಮನೆಯಲ್ಲಿದ್ದಾಳೆ. ಆ ಅತ್ತೆ ಸತ್ಯವತಿಗಾರು ದೊಡ್ಡ ಪಿಂಗಾಣಿ ಜಾಡಿಯ ತುಂಬ ಆವಕಾಯಿ ಉಪ್ಪಿನಕಾಯಿ ಕಳಿಸಿದ್ದರು. ಅನ್ನಕ್ಕೆ, ದೋಸೆಗೆ, ಕೊನೆಗೆ ಉಪ್ಪಿಟ್ಟಿಗೂ ನಂಚಿಕೊಂಡು ನಾವು ಜಾಡಿಯ ತಳ ಕಂಡೆವು. ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದುಂಟೇ? "ನಮ್ಮ ಅರಳು ಸಂಡಿಗೆ ತುಂಬಿ ಕೊಡಬೇಕು. ಕನ್ನಡದವರ ಕೈರುಚಿ ಏನು ಅಂತ ಅವರಿಗೂ ತಿಳೀಲಿ. ನಮ್ಮ ಸುಮಾ ಆ ಮನೇಲಿ ತಲೆ ಎತ್ತಿ ಓಡಾಡಬೇಕು" ಎಂದು ವಿಶಾಲು ಪಣ ತೊಟ್ಟಳು. ಆದರೆ ಸಮುದ್ರದ ಊರಿನ ಬಿಸಿಲನ್ನು ನಂಬುವ ಹಾಗಿಲ್ಲ. ಸಂಜೆ ಗಟ್ಟಿಯಾಗಿದ್ದ ಸಂಡಿಗೆ ಬೆಳಿಗ್ಗೆ ತಾರಸಿಯಲ್ಲಿ ನೋಡಿದರೆ ಮತ್ತೆ ಮೆತ್ತಗೆ. ಆಗಲೇ ಅವಳಿಗೆ ನನ್ನ ನೆನಪಾದದ್ದು.

ಸರಿ, ನಾನು ಟೊಂಕ ಕಟ್ಟಿ ನಿಂತೆ. ಊಟ ಮಾಡುತ್ತಾ ವಿಡಿಯೋ, ಹಲ್ಲುಜ್ಜುತ್ತಾ ವಿಡಿಯೋ. ಸೊಳ್ಳೆಪರದೆ ಹೊದಿಸಿದ ಬಿಸಿಲುಪೆಟ್ಟಿಗೆ ಒಂದು, ತಟ್ಟೆಯ ಮೇಲೆ ತಟ್ಟೆ ಪೇರಿಸಿದ ಪ್ಲಾಸ್ಟಿಕ್ಕಿನದು ಒಂದು, ಬೀರುವಿನಂತೆ ಬಾಗಿಲಿರುವ ಸ್ಟೀಲಿನದು ಇನ್ನೊಂದು. ಕೊನೆಗೆ ಕೊಳ್ಳಲು ಹೋದಾಗ ಅಂಗಡಿಯವನು, "ಏಮಿ ಎಂಡಬೆಡತಾರು ಸಾರ್?" ಎಂದು ಕೇಳಿದ. ಏನು ಒಣಗಿಸುತ್ತೀರಿ ಎಂದರೆ ಏನು ಹೇಳಲಿ? "ಅನ್ನೀ!" ಎಂದೆ. ಎಲ್ಲವನ್ನೂ! ಫ್ಯಾನು ತಳದಲ್ಲಿದ್ದರೆ ಕೆಳಗಿನ ತಟ್ಟೆ ಮೊದಲು ಒಣಗುತ್ತದೆ, ಹಿಂದೆ ಇದ್ದರೆ ಎಲ್ಲ ತಟ್ಟೆಗೂ ಸಮನಾಗಿ ಗಾಳಿ ಬರುತ್ತದೆ ಎಂದು ನಾನು ಮನೆಗೆ ಬಂದು ವಿವರಿಸಿದರೆ ವಿಶಾಲು, "ನನ್ನ ಸಂಡಿಗೆ ಒಣಗುತ್ತೋ ಇಲ್ವೋ, ಅಷ್ಟು ಹೇಳಿ ಸಾಕು" ಎಂದಳು. ಸ್ಟೀಲಿನದೇ ಮನೆಗೆ ಬಂತು.

ಅಬ್ಬಾ, ಏನು ಮಿಷನ್ನು ಸ್ವಾಮಿ ಅದು! ಗುಂಯ್ ಎಂದು ಶುರುವಾದರೆ ಕರಿಬೇವು ಗರಿಗರಿ, ಶುಂಠಿ ಚಕ್ಕೆ ಚಕ್ಕೆ. ಒದ್ದೆ ಕಾಲುಚೀಲವನ್ನೂ ಒಂದು ಸಲ ಇಟ್ಟಿದ್ದೆ, ವಿಶಾಲುವಿಗೆ ಹೇಳಬೇಡಿ. ಅವಳು ಬೂದುಗುಂಬಳ ತುರಿದು, ಮೆಣಸಿನಕಾಯಿ ಇಂಗು ಅರೆದು, ಅರಳು ಕಲಸಿ ದಿನವೂ ಉಂಡೆ ಇಟ್ಟುಕೊಟ್ಟಳು. ಒಣಗಿಸಿ ಡಬ್ಬಿಗೆ ತುಂಬುವುದು ನನ್ನ ಪಾಲಿಗೆ ಬಂತು. ಈಗ ನೀವೇ ಹೇಳಿ, ಒಣಗಿದೆಯೋ ಇಲ್ಲವೋ ಎಂಬುದು ಕರಿಯದೆ ತಿಳಿಯುತ್ತದೆಯೇ? ಮೇಲಿನ ತಟ್ಟೆಯದು ಕರಿದ ಮೇಲೆ ಕೆಳಗಿನದಕ್ಕೆ ಅನ್ಯಾಯ ಮಾಡಲಾದೀತೇ? ಅವಳು ದೇವಸ್ಥಾನಕ್ಕೆ ಹೋದಾಗಲೆಲ್ಲ ಬಾಣಲೆ ಇಟ್ಟೆ. ಎದುರುಮನೆಯ ರಾವ್‌ಗಾರಿಗೆ ಮಿಷನ್ನಿನ ಮಹಿಮೆ ತೋರಿಸಲು ಒಂದು ತಟ್ಟೆ. ಅವರು ತಮ್ಮ ಭಾವಮೈದುನನನ್ನು ಕರೆತಂದರು, ಅವನಿಗೊಂದು ತಟ್ಟೆ. ಬ್ಯಾಂಕಿನಲ್ಲಿ ಯಾರೂ ನಂಬಲಿಲ್ಲ, ಅಲ್ಲಿಗೂ ಒಂದು ಡಬ್ಬಿ. ಎಲ್ಲರೂ ಭೇಷ್ ಎಂದರು. ನಾನು ಗಾಳಿಯಲ್ಲಿ ತೇಲುತ್ತಿದ್ದೆ.

ವಿಜಯವಾಡಕ್ಕೆ ಹೊರಡುವ ಬೆಳಿಗ್ಗೆ ವಿಶಾಲು ಜಾಡಿ ತೊಳೆದು ಒರೆಸಿ, ಡಬ್ಬಿ ತೆಗೆದಳು. ಒಳಗೆ ಒಂದು ಹಿಡಿ ಪುಡಿ. ಬೈದಿದ್ದರೆ ಚೆನ್ನಾಗಿತ್ತು. ಅವಳು ಬೈಯಲಿಲ್ಲ. ನಮ್ಮೂರ ಅಂಚಿನ ದುವ್ವಾಡ ಸ್ಟೇಷನ್ನಿನಲ್ಲಿ ರೈಲು ಹತ್ತಿದವಳು ಖಾಲಿ ಜಾಡಿಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಾ ಕಣ್ಣೊರೆಸಿಕೊಂಡಳು. "ಇಳಿದ ತಕ್ಷಣ ಏನಾದರೂ ಸ್ವೀಟು ತುಂಬಿಸೋಣ" ಎಂದೆ. "ಅಂಗಡಿ ತಿಂಡಿ ಕೊಡೋಕೆ ನಮಗೇನು ಕೈ ಇಲ್ವಾ?" ಎಂದಳು.

ಭವಾನಿಪುರಂನ ಮನೆಯಲ್ಲಿ ಸತ್ಯವತಿಗಾರು ನಗುನಗುತ್ತಾ ಜಾಡಿ ತೆಗೆದುಕೊಂಡರು. ಹಗುರವಾಗಿತ್ತು. ಮುಚ್ಚಳ ತೆಗೆದು ನೋಡಿದರು. ಸುಮಾಳ ಮುಖ ಚಿಕ್ಕದಾಯಿತು. ವಿಶಾಲು ಉಸಿರು ಎಳೆದುಕೊಂಡು, "ವದಿನಗಾರು, ಸುಳ್ಳು ಹೇಳೋದಿಲ್ಲ. ರಾಶಿ ಸಂಡಿಗೆ ಮಾಡಿದ್ದೆ. ಅನ್ನೀ ಈಯನೇ ತಿನೇಶಾರು" ಎಂದು ನನ್ನ ಕಡೆ ಬೆರಳು ತೋರಿಸಿಬಿಟ್ಟಳು. ಅತ್ತಿಗೆಯವರೇ, ಎಲ್ಲ ಇವರೇ ತಿಂದುಬಿಟ್ಟರು! ರಾವ್‌ಗಾರಿಲ್ಲ, ಭಾವಮೈದುನನಿಲ್ಲ, ಬ್ಯಾಂಕಿಲ್ಲ, ನಾನೊಬ್ಬನೇ.

ಸತ್ಯವತಿಗಾರು ಒಂದು ಕ್ಷಣ ನನ್ನನ್ನು ನೋಡಿದರು. ಆಮೇಲೆ ಗೋಡೆ ಹಿಡಿದುಕೊಂಡು ನಗತೊಡಗಿದರು. ಅವರು ತೆಲುಗಿನಲ್ಲಿ ಹೇಳಿದ್ದು ಇಷ್ಟು: "ಬೀಗರ ಮನೆಯ ಮರ್ಯಾದೆಯನ್ನೂ ಮರೆತು ಅಣ್ಣಯ್ಯನವರು ತಿಂದರೆಂದರೆ ಆ ಕೈರುಚಿ ಇನ್ನೆಂಥದ್ದಿರಬೇಕು! ವದಿನಗಾರು, ನನಗೆ ಕಲಿಸಿಕೊಡದೆ ನೀವು ಈ ಮನೆಯಿಂದ ಹೊರಡುವ ಹಾಗಿಲ್ಲ." ವಿಶಾಲುವಿನ ಮುಖ ಅರಳಿದ್ದನ್ನು ನೋಡಬೇಕಿತ್ತು. ಸುಮಾ ತಲೆ ಎತ್ತಿಕೊಂಡೇ ಕುಂಬಳಕಾಯಿ ತರಲು ಹೋದಳು. ಇಬ್ಬರು ಬೀಗಿತ್ತಿಯರೂ ಕೈ ಕೈ ಹಿಡಿದುಕೊಂಡು ತಾರಸಿ ನೋಡಲು ಹೋದರು. ಅಲ್ಲಿಯ ಬಿಸಿಲಿಗೆ ಯಾವ ಮಿಷನ್ನೂ ಬೇಕಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತೆವು. ಬೀಗಿತ್ತಿ ಎಲ್ಲರಿಗೂ ತಾವು ಕರಿದ ವಡಿಯಾಲು, ಅಂದರೆ ಅವರ ಕಡೆಯ ಸಂಡಿಗೆ, ಎರಡೆರಡು ಬಡಿಸಿದರು. ನನ್ನ ಎಲೆಯ ಹತ್ತಿರ ಬಂದವರು ಬಡಿಸಲಿಲ್ಲ. ಡಬ್ಬಿಯನ್ನೇ ಇಟ್ಟು, ಮುಚ್ಚಳ ತೆಗೆದು, ಮುಂದೆ ಹೋದರು. ಎಲ್ಲರೂ ಗೊಳ್ಳೆಂದು ನಕ್ಕರು. ಮಾನವಂತನಾದ ನಾನು ಇನ್ನೇನು ಮಾಡಲಿ, ತಲೆ ತಗ್ಗಿಸಿದೆ. ಹಾಗೆ ತಗ್ಗಿಸಿದಾಗ ಡಬ್ಬಿಯ ಒಳಗೆ ಚೆನ್ನಾಗಿ ಕಾಣಿಸುತ್ತಿತ್ತು.