ಮೀನು ತರುವ ಹಕ್ಕಿ, ಮುಖ ತಿರುಗಿಸುವ ಕಾಕಾ

ಅಫಜಲಪುರ ತಾಲೂಕಿನ ಲಿಂಗವಂತರಲ್ಲಿ ನಮ್ಮ ಕಾಕಾನಷ್ಟು ಮೀನು ನೋಡಿದವರು ಇನ್ನೊಬ್ಬರು ಇರಲಿಕ್ಕಿಲ್ಲ. ತಿನ್ನುವ ಮಾತಿರಲಿ, ಸಂತೆಯಲ್ಲಿ ಮೀನಿನ ಸಾಲು ಬಂದರೆ ಮೂಗು ಮುಚ್ಚಿಕೊಂಡು ಬೇರೆ ಓಣಿಯಿಂದ ಸುತ್ತಿ ಬರುವ ಮನುಷ್ಯ. ಆದರೆ ಅವರ ಪಡಸಾಲೆಯ ಗೋಡೆ ತುಂಬ ಅವರೇ ತೆಗೆದ ಮೀನಿನ ಫೋಟೋಗಳೇ! ಒಂದೊಂದು ಮೀನೂ ಒಂದೊಂದು ಹಳದಿ ಕೊಕ್ಕಿನಲ್ಲಿ ಅಡ್ಡಡ್ಡ ಸಿಕ್ಕಿಕೊಂಡಿದೆ.

ಕೊಕ್ಕು ರೀವ ಹಕ್ಕಿಯದು. ಕಡಲಹಕ್ಕಿಗಳ ಕುಲದ್ದೇ, ಕಡಲು ಬಿಟ್ಟು ಹೊಳೆ ಹಿಡಿದಿದೆ, ಅಷ್ಟೆ. ಬೇಸಿಗೆಯಲ್ಲಿ ಭೀಮೆ ಇಳಿದಾಗ ಸೊನ್ನದ ಬ್ಯಾರೇಜಿನ ಹಿಂದೆ ಮರಳುದಿಬ್ಬಗಳು ಏಳುತ್ತವೆ. ಅಲ್ಲಿ ಗುಳಿ ಮಾಡಿ ಮರಿ ಮಾಡುತ್ತದೆ.

ಇಜೇರಿಯ ಬೀಗರು ಒಮ್ಮೆ ಗೋಡೆ ನೋಡಿ ಗಾಬರಿಯಾದರು. "ಏನ್ರಿ ಇದು, ಲಿಂಗವಂತರ ಮನ್ಯಾಗ ಮೀನು?"

"ಹಕ್ಕಿ ಬಾಯಾಗ ಅದಾವ್ರಿ, ನಮ್ಮ ಬಾಯಾಗಲ್ಲ," ಎಂದರು ಕಾಕಾ. "ಚಹಾ ತಗೋರ್ರಿ."

ಈ ಬೇಸಿಗೆಯಲ್ಲಿ ಮಾತ್ರ ಹವ್ಯಾಸ ಬರೀ ಹವ್ಯಾಸವಾಗಿ ಉಳಿಯಲಿಲ್ಲ. ಕಾಕಾನ ಹೆಂಡತಿ, ನಮ್ಮ ಕಾಕು, ಜ್ವರ ಬಿಟ್ಟು ಎದ್ದವಳು ಊಟ ಬಿಟ್ಟಿದ್ದಳು. ನಾಲಿಗೆಗೆ ರುಚಿ ಇಲ್ಲವೆಂದು ತಾಟು ಸರಿಸಿಬಿಡುತ್ತಿದ್ದಳು. ದಿನದಿನಕ್ಕೂ ಬಳೆ ಮೊಣಕೈವರೆಗೆ ಜಾರುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಒಂದು ಸಂಜೆ ಕಾಕಾನ ಹೊಸ ಫೋಟೋದಲ್ಲಿ ಮೀನಿಗಾಗಿ ಕಾದು ಕೂತ ಮರಿಯನ್ನು ನೋಡುತ್ತ ಕೇಳಿದಳು: "ಆ ಮರಿ ಉಂಡ್ತೇನ್ರಿ?"

"ನಾಳಿ ನೋಡಿ ಹೇಳ್ತೇನಿ. ನೀ ಒಂದು ತುತ್ತು ಉಣ್ಣು."

ಉಂಡಳು. ಮರುದಿನ ಬೆಳಗಾಗುವ ಮೊದಲೇ ಕಾಕಾ ಹೊಳೆಗೆ ಹೊರಟರು.

ತೊಡಕು ಇದ್ದದ್ದು ಅಲ್ಲೇ. ಉಣ್ಣುವವರ ಬಾಯಿ ನೋಡಿದರೆ ದೃಷ್ಟಿ ತಾಗುತ್ತದೆ ಎಂಬುದು ನಮ್ಮ ಮನೆಯ ಹಳೇ ನಂಬಿಕೆ. ಕಾಕಾ ಅದನ್ನು ಹಕ್ಕಿಗೂ ವಿಸ್ತರಿಸಿದ್ದರು. ಮೀನು ಹಿಡಿದ ಹಕ್ಕಿ ಮರಳಿಗಿಳಿಯುವವರೆಗೆ ಪಟಪಟ ಕ್ಲಿಕ್ಕಿಸುವುದು. ಮರಿ ಬಾಯಿ ತೆರೆದೊಡನೆ ಕ್ಯಾಮೆರಾದ ಮೇಲೆ ಟವೆಲ್ ಹಾಕಿ, ಮುಖ ತಿರುಗಿಸಿಬಿಡುವುದು! ಹಾಗಾದರೆ ಮರಿ ಉಂಡದ್ದು ಗೊತ್ತಾಗುವುದು ಹೇಗೆ? ಅದಕ್ಕೆ ನಾನು.

"ನಾ ನೋಡಿದ್ರ ದೃಷ್ಟಿ ಆಗಂಗಿಲ್ಲೇನ್ರಿ ಕಾಕಾ?"

"ನಿನ್ನ ಕಣ್ಣಿಗೆ ಅಷ್ಟು ತಾಕತ್ತು ಎಲ್ಲದ ಲೇ? ನೋಡಿ ಸಾಕ್ಷಿ ಹೇಳು."

ಹಕ್ಕಿ ಬೆದರದಿರಲೆಂದು ಅವರು ದಂಡೆಯಲ್ಲಿ ತಲೆತುಂಬ ಕೌದಿ ಹೊದ್ದು ಮಲಗುತ್ತಿದ್ದರು. ಒಮ್ಮೆ ಕುರಿ ಕಾಯುವವನೊಬ್ಬ ಬಂದು, ರುಮಾಲು ತೆಗೆದು, ಮೆಲ್ಲಗೆ ನನ್ನನ್ನು ಕೇಳಿದ: "ಯಾವಾಗ ಹೋದ್ರು ಪಾಪ?"

ಕೌದಿ ಉತ್ತರಿಸಿತು: "ಸಂಜಿಗಿ ಹೋಗ್ತೇನಿ. ನೀ ಮೊದಲು ನಡಿ." ಕುರಿಗಳಿಗಿಂತ ಮುಂಚೆ ಅವನೇ ಓಡಿದ.

ಹೀಗೆ ಮರಿ ಉಂಡಿತೆಂಬ ನನ್ನ ಸಾಕ್ಷಿಯ ಮೇಲೆ ಕಾಕು ದಿನಕ್ಕೆ ಅರ್ಧ ರೊಟ್ಟಿಗೆ ಬಂದಳು.

ಆಮೇಲೆ ಒಂದು ದಿನ ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರು. ನಾವು ಹೋಗುವಷ್ಟರಲ್ಲಿ ದಿಬ್ಬ ಒಂದು ಕೌದಿಯಷ್ಟೇ ಉಳಿದಿತ್ತು. ಅದರ ಮೇಲೆ ನಮ್ಮ ಮರಿ. ರೆಕ್ಕೆ ಇನ್ನೂ ಬಲಿತಿರಲಿಲ್ಲ. ಸೆಳವು ಜೋರಿತ್ತು, ನಾವಿಬ್ಬರೂ ಈಜು ಬಾರದವರು.

ಹಕ್ಕಿ ಮೀನು ಹಿಡಿದು ಬಂತು. ಮರಿ ಬಾಯಿ ತೆರೆಯಿತು. ಹಕ್ಕಿ ಕೊಡಲಿಲ್ಲ. ಎದುರಿನ ಎತ್ತರದ ಬಂಡೆಯ ಮೇಲೆ ಕುಳಿತು, ಮೀನು ಕಚ್ಚಿಕೊಂಡೇ ಕೂಗಿತು. ಮತ್ತೆ ಬಂದು, ತೋರಿಸಿ, ಮತ್ತೆ ಬಂಡೆಗೆ ಹಾರಿತು. ಮರಿ ನೀರಿಗೆ ಕಾಲಿಟ್ಟಿತು, ಹಿಂದೆ ಸರಿಯಿತು. ಕಡೆಗೆ ಹಸಿವು ತಾಳದೆ ಇಳಿದೇಬಿಟ್ಟಿತು. ಸೆಳವು ಅದನ್ನು ಎಳೆಯಿತು, ತಿರುಗಿಸಿತು; ಬಂಡೆಯ ಅಂಚಿಗೆ ತಂದು ಹಾಕಿತು. ಮರಿ ಹತ್ತಿತು. ಆಗ ಹಕ್ಕಿ ಮೀನು ಕೊಟ್ಟಿತು.

ಸಾಕ್ಷಿ ಹೇಳಲು ತಿರುಗಿದೆ. ಕಾಕಾ ಕೌದಿ ಕಿತ್ತೆಸೆದು ಎದ್ದು ನಿಂತಿದ್ದರು. ಕ್ಯಾಮೆರಾ ಎದೆಯ ಮೇಲೆ ಸುಮ್ಮನೆ ತೂಗುತ್ತಿತ್ತು. ಕಣ್ಣು ನೆಟ್ಟಗೆ ಮರಿಯ ಬಾಯಿಯ ಮೇಲಿತ್ತು.

ಮನೆಯಲ್ಲಿ ಕಾಕು ಫೋಟೋಗೆಂದು ಕೈ ಚಾಚಿದಳು. "ಇವತ್ತಿಂದು?"

ನಾನು ಬಾಯಿ ತೆರೆದೆ. ಕಾಕಾ ತಡೆದರು. "ನಾನಽ ನೋಡೇನಿ," ಎಂದವರೇ ತಾಟಿನಿಂದ ರೊಟ್ಟಿ ಮುರಿದು, ಪಲ್ಯ ಹಚ್ಚಿ, ಕೈಯನ್ನು ಗಾಳಿಯಲ್ಲಿ ಏರಿಸಿದರು. "ಹಿಂಗ ಬಂತು ನೋಡು. ಹಿಂಗ ತಿರುಗ್ತು. ಆಮ್ಯಾಲ ಹಿಂಗ ಇಳೀತು..."

ತುತ್ತು ಕಾಕುವಿನ ಬಾಯಿಯ ಮುಂದೆ ಬಂದು ನಿಂತಿತು. ಕಾಕು ಬಾಯಿ ತೆರೆದಳು. ನಿಧಾನ ಅಗಿದು ನುಂಗಿದಳು.

"ಇನ್ನೊಂದು ತರ್ತದೇನ್ರಿ ಆ ಹಕ್ಕಿ?" ಎಂದು ಕೇಳಿದಳು.