ಹನ್ನೊಂದನೆಯ ಪಂದ್ಯದ ನಿದ್ದೆ

ತರ್ಕಶಾಸ್ತ್ರದ ಮೇಷ್ಟ್ರಿಗೆ ಫುಟ್‌ಬಾಲ್ ಅಂದರೆ ಅಷ್ಟಕ್ಕಷ್ಟೆ. ಅಧ್ಯಾಪಕರೆಲ್ಲ ಬರಲೇಬೇಕೆಂದು ಪ್ರಿನ್ಸಿಪಾಲರು ಸುತ್ತೋಲೆ ಹೊರಡಿಸಿದ್ದರಿಂದ ಕಾಲೇಜು ತಂಡದ ಮೊದಲ ಪಂದ್ಯಕ್ಕೆ ಹೋಗಿ, ಮುಂದಿನ ಸಾಲಿನಲ್ಲಿ ಕೂತು, ಹತ್ತೇ ನಿಮಿಷಕ್ಕೆ ಗೊರಕೆ ಹೊಡೆದಿದ್ದರು. ಆರು ವರ್ಷದಿಂದ ಸೋಲುತ್ತಲೇ ಬಂದಿದ್ದ ತಂಡ ಅಂದು ಗೆದ್ದಿತು. ಎರಡನೆಯ ಪಂದ್ಯಕ್ಕೂ ನಿದ್ದೆ, ಎರಡನೆಯ ಗೆಲುವು. ಮೂರನೆಯದಕ್ಕೆ ಆಟಗಾರರೇ ಮನೆಗೆ ಬಂದು ಮೇಷ್ಟ್ರನ್ನು ಕರೆದೊಯ್ದರು.

"ಎರಡು ಸಂಗತಿ ಒಟ್ಟಿಗೆ ನಡೆದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಆಗಲ್ಲ ಕಣ್ರಪ್ಪಾ" ಎಂದು ಮೇಷ್ಟ್ರು ತರಗತಿಯ ಪಾಠವನ್ನೇ ಒಪ್ಪಿಸಿದರು.

"ಹೌದು ಸಾರ್. ಮಲಗಿ ಸಾರ್" ಎಂದರು ಹುಡುಗರು.

ನಿಜ ಹೇಳಬೇಕೆಂದರೆ ಮೇಷ್ಟ್ರಿಗೂ ಒಳಗೊಳಗೇ ಹಿತವಾಗಿತ್ತು. ಇಪ್ಪತ್ತೆಂಟು ವರ್ಷ ಎಚ್ಚರವಾಗಿದ್ದು ಪಾಠ ಹೇಳಿದ್ದಕ್ಕೆ ಯಾರೊಬ್ಬರೂ ಥ್ಯಾಂಕ್ಸ್ ಅಂದವರಲ್ಲ. ನಿದ್ದೆ ಮಾಡಿದ್ದಕ್ಕೆ ಹನ್ನೊಂದು ಜನ ಸಾಲಾಗಿ ನಿಂತು ಕೈ ಹಿಡಿದು ಹೇಳುತ್ತಿದ್ದರು.

ಹತ್ತು ಪಂದ್ಯ, ಹತ್ತು ಗೆಲುವು. ಹನ್ನೊಂದನೆಯದು, ಕೊನೆಯದು, ಇಂದು ಮಧ್ಯಾಹ್ನ. ಇಂದೇ ಮೇಷ್ಟ್ರಿಗೆ ಭಯ ಹತ್ತಿತು, ನಿದ್ದೆ ಬರದಿದ್ದರೆ?

"ನಿಮ್ಮ ನೋಟ್ಸನ್ನೇ ಓದ್ಕೊಳ್ಳಿ. ಕ್ಲಾಸಲ್ಲಿ ಎಲ್ರಿಗೂ ಬರುತ್ತಂತಲ್ಲ" ಎಂದು ಹೆಂಡತಿ ಉಪಾಯ ಹೇಳಿದಳು. ಕಾಲೇಜಿನಲ್ಲಿ ಲೈಬ್ರೇರಿಯನ್ ಮೇಷ್ಟ್ರ ಕೈಯಿಂದ ಕಾಫಿ ಕಿತ್ತುಕೊಂಡು ತಾನೇ ಕುಡಿದ. ಪ್ರಿನ್ಸಿಪಾಲರು ಎರಡು ಪೀರಿಯಡ್ ರಜೆ ಕೊಟ್ಟು ತಮ್ಮ ಸೋಫಾದಲ್ಲೇ ಮಲಗಿಸಿದರು. ಆದರೆ ಐದೈದು ನಿಮಿಷಕ್ಕೆ ಬಾಗಿಲು ತೆಗೆದು, "ಬಂತಾ ಮೇಷ್ಟ್ರೇ?" ಎಂದು ವಿಚಾರಿಸಿದರೆ ಯಾರಿಗೆ ತಾನೇ ಬಂದೀತು?

ಮೈದಾನದಲ್ಲಿ ಕೋಚ್ ಖುದ್ದಾಗಿ ಕಂಬಳಿ ಹೊದಿಸಿದ. "ಕಾಲೇಜಿನ ಮಾನ ನಿಮ್ಮ ಕಣ್ಣಲ್ಲಿದೆ ಸಾರ್. ಮುಚ್ಕೊಳ್ಳಿ."

ಮೇಷ್ಟ್ರು ಕಣ್ಣು ಮುಚ್ಚಿ ಸುಳ್ಳು ಗೊರಕೆ ಶುರು ಮಾಡಿದರು. ಮನಸ್ಸು ಚುಚ್ಚುತ್ತಿತ್ತು. ಅಷ್ಟರಲ್ಲಿ ಎದುರಾಳಿಗಳು ಒಂದು ಗೋಲು ಹೊಡೆದ ಸುದ್ದಿ ಕಿವಿಗೆ ಬಿತ್ತು. ತಡೆಯಲಾರದೆ ಒಂದು ಕಣ್ಣನ್ನು ಎಳ್ಳಷ್ಟು ತೆರೆದರು.

ಕೊನೆಯ ಬೆಂಚಿನಲ್ಲಿ ಕೂತು ಯಾವ ಪ್ರಶ್ನೆಗೂ ಬಾಯಿಬಿಡದ ಆ ಉದ್ದನೆಯ ಹುಡುಗ, ಅವನೇ ಕ್ಯಾಪ್ಟನ್, ಮೂವರ ನಡುವೆ ಚೆಂಡನ್ನು ನುಸುಳಿಸಿಕೊಂಡು ಓಡುತ್ತಿದ್ದ. ಎಷ್ಟು ಚೆಂದದ ಆಟ! ಇಂಥದ್ದನ್ನು ಹತ್ತು ಸಲ ಎದುರಿಗಿಟ್ಟುಕೊಂಡು ಮಲಗಿದ್ದೆನಲ್ಲ ಎಂದು ಮೇಷ್ಟ್ರಿಗೆ ಹೊಟ್ಟೆ ಉರಿಯಿತು. ಗೋಲು ಸಮವಾಯಿತು. ಕೊನೆಯ ನಿಮಿಷದಲ್ಲಿ ಚೆಂಡು ಮತ್ತೆ ಅವನ ಕಾಲಿಗೆ ಸಿಕ್ಕಾಗ ಮೇಷ್ಟ್ರು ಕಂಬಳಿ ಕಿತ್ತೆಸೆದು ಕುರ್ಚಿ ಹತ್ತಿ, "ಹೊಡಿಯೋ!" ಎಂದು ಕಿರುಚಿದರು.

ಹೊಡೆದ. ಗೆದ್ದರು.

ಎಲ್ಲರೂ ತಮ್ಮ ಕಡೆ ತಿರುಗಿದಾಗ ಮೇಷ್ಟ್ರು ಕುರ್ಚಿಯ ಮೇಲಿನಿಂದಲೇ ಕೈಮುಗಿದರು. "ಕ್ಷಮಿಸ್ರಪ್ಪಾ, ಇವತ್ತು ಒಂದು ನಿಮಿಷಾನೂ ನಿದ್ದೆ ಮಾಡಿಲ್ಲ. ಆದ್ರೂ ಗೆದ್ರಿ. ಎಲ್ಲ ಪಂದ್ಯಾನೂ ಗೆದ್ದಿದ್ದು ನೀವೇ." ಹೇಳುವಾಗ ಅವರ ಎದೆ ಹಗುರಾಯಿತು. ಮುಂದಿನ ವರ್ಷ ಕಣ್ಣುತುಂಬ ಆಟ ನೋಡಬಹುದು!

ಕ್ಯಾಪ್ಟನ್ ಕೆಳಗೆ ಬಿದ್ದ ಕಂಬಳಿ ಎತ್ತಿಕೊಂಡು ಬಂದ. "ನಿದ್ದೇಲೂ ನಮ್ಮನ್ನೇ ಕನವರಿಸ್ತೀರಲ್ಲ ಸಾರ್!"

"ಎಚ್ಚರ ಇದ್ದೆ ಕಣೋ!"

"ನಿದ್ದೆಗಣ್ಣಲ್ಲಿ ಎಲ್ರೂ ಹಾಗೇ ಅನ್ನೋದು" ಎಂದ ಲೈಬ್ರೇರಿಯನ್, ಮೆಲ್ಲಗೆ ಅವರನ್ನು ಕೆಳಗಿಳಿಸುತ್ತಾ.

ಸಂಜೆಯ ಸನ್ಮಾನದಲ್ಲಿ ಪ್ರಿನ್ಸಿಪಾಲರು ಘೋಷಿಸಿದರು: ಮುಂದಿನ ವರ್ಷ ಹದಿನಾಲ್ಕು ಪಂದ್ಯ, ಮೇಷ್ಟ್ರಿಗೆ ಹದಿನಾಲ್ಕಕ್ಕೂ ಮುಂದಿನ ಸಾಲಿನಲ್ಲಿ ಒರಗು ಕುರ್ಚಿ. ಚಪ್ಪಾಳೆಯ ನಡುವೆ ಕ್ಯಾಪ್ಟನ್ ಬಂದು ತಂಡದ ಬಣ್ಣದ ಕಣ್ಣುಪಟ್ಟಿಯೊಂದನ್ನು ಅವರ ಕೈಗಿಟ್ಟ.

"ನಮ್ಮಮ್ಮ ಹೊಲಿದಿದ್ದು ಸಾರ್, ಎರಡು ಪದರ. ಒಂದು ಚೂರೂ ಬೆಳಕು ಬರಲ್ಲ."

ಮೇಷ್ಟ್ರ ಕಣ್ಣು ತುಂಬಿತು. ಅಷ್ಟು ಪ್ರೀತಿಯಿಂದ ಯಾರೂ ಅವರಿಗೆ ಏನನ್ನೂ ಹೊಲಿದುಕೊಟ್ಟಿರಲಿಲ್ಲ. ಹುಡುಗನ ಕೈ ಹಿಡಿದು ಮನಸಾರೆ ಥ್ಯಾಂಕ್ಸ್ ಹೇಳಿದರು.

"ಅಳತೆ ಸರಿ ಇದೆಯಾ ನೋಡ್ಬಿಡೋಣ ಸಾರ್" ಎಂದು ಅವನೇ ಹಿಂದಿನಿಂದ ಗಂಟು ಬಿಗಿದ. ಆಗಲೇ ತಂಡ ಟ್ರೋಫಿ ಎತ್ತಿತಂತೆ. ಮೇಷ್ಟ್ರಿಗೆ ಕೇಕೆ ಮಾತ್ರ ಕೇಳಿಸಿತು.